ಎಳೆಯ ಮಕ್ಕಳ ಪೋಷಕಾಂಶ ಕೊರತೆ: ಕಾರಣ–ನಿವಾರಣೆಗಳ ಚಿಂತನೆಯಲ್ಲಿ ಮೈಸೂರಿನ ಅಧ್ಯಾಯ

ಬರಗಾಲವು ಚರಿತ್ರಕಾರರ ಗಮನವನ್ನು ಸೆಳೆದಷ್ಟು, ಬರಗಾಲವಿಲ್ಲದ ವರ್ಷಗಳಲ್ಲಿಯೂ ಎಳೆಯ ಮಕ್ಕಳು ಸೊರಗುವ ಸಂಗತಿ ಸೆಳೆದಿಲ್ಲ. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಬರಗಾಲಕ್ಕೆ ಒಂದು ಸಂವತ್ಸರವಿದೆ, ಸರ್ಕಾರಿ ಆಜ್ಞೆಗಳಿವೆ, ಗಂಜಿಕೇಂದ್ರಗಳ ಲೆಕ್ಕಪತ್ರಗಳಿವೆ. ಮನೆಯೊಳಗೆ ತಿಂಗಳುಗಟ್ಟಲೆ ತೂಕ ಕಳೆದುಕೊಳ್ಳುತ್ತಾ ಹೋಗಿ ಕೊನೆಗೆ ತೀರಿಕೊಳ್ಳುವ ಮಗುವಿಗೆ ಅಂಥ ದಾಖಲೆಯಿಲ್ಲ. ಮರಣದ ಪುಸ್ತಕದಲ್ಲಿ ಅದು ಜ್ವರವೆಂದೋ ಭೇದಿಯೆಂದೋ ನಮೂದಾಗುತ್ತದೆ.

ಪ್ರಸ್ತುತ ಲೇಖನದಲ್ಲಿ ಈ ವಿಷಯದ ಸಮಗ್ರ ಚರಿತ್ರೆಯನ್ನು ಕೊಡುವ ಉದ್ದೇಶವಿಲ್ಲ. ಎಳೆಯ ಮಕ್ಕಳ ಪೋಷಕಾಂಶ ಕೊರತೆಗೆ ಕಾರಣವೇನೆಂಬ ಬಗ್ಗೆ ಇಪ್ಪತ್ತನೆಯ ಶತಮಾನದಲ್ಲಿ ವಿದ್ವಾಂಸರು ತಳೆದ ನಿಲುವುಗಳು ಹೇಗೆ ಬದಲಾದವು, ಪ್ರತಿಯೊಂದು ನಿಲುವೂ ತನಗೆ ತಕ್ಕ ಪರಿಹಾರವನ್ನು ಹೇಗೆ ರೂಪಿಸಿತು ಎಂಬುದನ್ನು ಮಾತ್ರ ಇಲ್ಲಿ ನೋಡಲಾಗಿದೆ. ಈ ಚರಿತ್ರೆಯಲ್ಲಿ ಮೈಸೂರಿಗೆ ವಿಶೇಷವಾದ ಸ್ಥಾನವಿದೆ. ದೇಶದ ಆಹಾರ ಸಂಶೋಧನೆಯ ಕೇಂದ್ರ ಪ್ರಯೋಗಾಲಯ ನೆಲೆಗೊಂಡದ್ದು ಈ ನಗರದಲ್ಲಿ. ಆ ಕಾಲದ ಒಂದು ಪ್ರಮುಖ ಪರಿಹಾರವು ಮಕ್ಕಳಿಗೆ ತಂದೊಡ್ಡಿದ ಅಪಾಯವನ್ನು ವೈದ್ಯರು ಗುರುತಿಸಿದ್ದೂ ಇಲ್ಲಿಯೇ. ಕರ್ನಾಟಕದ ಅಂಗನವಾಡಿಗಳು ಮೊದಲು ತೆರೆದದ್ದು ಇದೇ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ. ಪರಿಹಾರಗಳು ಒಂದಾದ ಮೇಲೊಂದು ಬಂದರೂ ಅವುಗಳ ಕೈಗೆ ಸಿಗದೆ ಉಳಿದ ಮಗುವೊಂದಿದೆ. ಆರು ತಿಂಗಳಿನಿಂದ ಮೂರು ವರ್ಷದೊಳಗಿನ, ಶಾಲೆಗಾಗಲಿ ಅಂಗನವಾಡಿಗಾಗಲಿ ತಾನಾಗಿ ನಡೆದು ಹೋಗಲಾರದ ಮಗು ಅದು. ಅದನ್ನು ಮುಂದಿಟ್ಟುಕೊಂಡು ನೋಡಿದರೆ ಈ ಚರಿತ್ರೆಯ ಅರ್ಥ ಬೇರೆಯಾಗಿ ಕಾಣುತ್ತದೆಂಬುದು ಈ ಲೇಖಕನ ಅಭಿಪ್ರಾಯ.

ಹಳೆಯ ಅವಲೋಕನ

ಶಿಶುವೈದ್ಯಕ್ಕೆ ಮೀಸಲಾದ ಸಂಸ್ಕೃತ ಗ್ರಂಥ ಕಾಶ್ಯಪ ಸಂಹಿತೆ ನೇಪಾಳದಲ್ಲಿ ದೊರೆತ ಹಸ್ತಪ್ರತಿಯ ಆಧಾರದಿಂದ 1938ರಲ್ಲಿ ಅಚ್ಚಾಯಿತು. ಅದರಲ್ಲಿ 'ಫಕ್ಕ' ಎಂಬ ರೋಗದ ವಿವರಣೆಯಿದೆ. ವರ್ಷ ತುಂಬಿದರೂ ಕಾಲೂರಿ ನಡೆಯಲಾರದ ಮಗುವಿನ ರೋಗ ಇದು. ಇದರಲ್ಲಿ ಕ್ಷೀರಜ, ಗರ್ಭಜ, ವ್ಯಾಧಿಜ ಎಂದು ಮೂರು ಬಗೆ. ತಾಯಿಯ ಹಾಲಿನ ದೋಷದಿಂದ ಬಂದದ್ದು ಮೊದಲನೆಯದು. ತಾಯಿ ಮತ್ತೆ ಗರ್ಭಿಣಿಯಾಗಿ ಹಾಲು ಬತ್ತಿದಾಗ ಬಂದದ್ದು ಎರಡನೆಯದು. ಬೇರೆ ಕಾಯಿಲೆಗಳಿಂದ ಸೊರಗಿ ಬಂದದ್ದು ಮೂರನೆಯದು. ಇಂಥ ಮಗುವಿಗೆ ನಡಿಗೆ ಕಲಿಸಲು ಮೂರು ಗಾಲಿಯ ಪುಟ್ಟ ಗಾಡಿಯೊಂದನ್ನು ಮಾಡಿಸಬೇಕೆಂದೂ ಗ್ರಂಥಕಾರ ಹೇಳುತ್ತಾನೆ. ನಮ್ಮ ಹಳ್ಳಿಗಳಲ್ಲಿ ಬಡಗಿಗಳು ಮಾಡಿಕೊಡುತ್ತಿದ್ದ ಮೂರು ಗಾಲಿಯ ನಡೆಗಾಡಿ ಇಲ್ಲಿ ನೆನಪಿಗೆ ಬಾರದಿರದು.

ಈ ಗ್ರಂಥ ಅಚ್ಚಾಗುವುದಕ್ಕೆ ಐದು ವರ್ಷ ಮೊದಲು, 1933ರಲ್ಲಿ, ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟಿನಲ್ಲಿ (ಇಂದಿನ ಘಾನಾ) ಕೆಲಸ ಮಾಡುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್ ಅವರು ಮೈ ಊದಿಕೊಂಡು, ಚರ್ಮ ಸುಲಿದು, ಕೂದಲ ಬಣ್ಣ ಕೆಟ್ಟು ಸಾಯುವ ಮಕ್ಕಳ ರೋಗವೊಂದನ್ನು ವಿವರಿಸಿದರು. 1935ರ ಬರಹದಲ್ಲಿ ಅದಕ್ಕೆ ಅಲ್ಲಿನ ಗಾ ಭಾಷೆಯ ಹೆಸರನ್ನೇ ಕೊಟ್ಟರು: ಕ್ವಾಷಿಯೋರ್ಕರ್. ತಾಯಿಗೆ ಮುಂದಿನ ಮಗು ಹುಟ್ಟಿದಾಗ ಹಿಂದಿನ ಮಗುವಿಗೆ ಬರುವ ಕಾಯಿಲೆ ಎಂಬುದು ಅದರ ತಾತ್ಪರ್ಯ. ಕಾಶ್ಯಪನ ಗರ್ಭಜ ಫಕ್ಕಕ್ಕೂ ಗಾ ಜನರ ಈ ಪದಕ್ಕೂ ಯಾವ ಚಾರಿತ್ರಿಕ ಸಂಬಂಧವೂ ಇರಲಾರದು. ಇವೆರಡೂ ಒಂದೇ ರೋಗವೆಂದು ಸಾಧಿಸುವುದೂ ಸರಿಯಲ್ಲ. ಶಾಸ್ತ್ರಗ್ರಂಥದ ಲಕ್ಷಣಗಳನ್ನು ಆಧುನಿಕ ರೋಗನಾಮಗಳಿಗೆ ಜೋಡಿಸುವ ಉತ್ಸಾಹ ನಮ್ಮಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿಯೇ ಇದೆ. ಆದರೆ ಎರಡು ಕಡೆಯ ಜನರೂ ಕಣ್ಣಿಟ್ಟಿದ್ದು ಒಂದೇ ಗಳಿಗೆಯ ಮೇಲೆ ಎಂಬುದು ಮುಖ್ಯ. ಮಗು ಎದೆಹಾಲಿನಿಂದ ಮನೆಯ ಅನ್ನಕ್ಕೆ ದಾಟುವ ಗಳಿಗೆ ಅದು. ರೋಗದ ಹೆಸರಿನೊಳಗೇ ಅದರ ಸಂದರ್ಭವೂ ಸೇರಿತ್ತು. ಆಧುನಿಕ ವಿಜ್ಞಾನವು ಈ ಹೆಸರನ್ನು ಎತ್ತಿಕೊಂಡಿತು. ಸಂದರ್ಭವನ್ನು ಬಹುಕಾಲ ಬದಿಗಿಟ್ಟಿತು.

ಕೂನೂರಿನ ಇಲಿಗಳು

ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ಕಾರಕ್ಕೆ ತಿಳಿದಿದ್ದುದು ಧಾನ್ಯದ ಲೆಕ್ಕ ಮಾತ್ರ. 1876–78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಕಳೆದುಕೊಂಡ ಪ್ರಾಣಗಳ ಪ್ರಮಾಣ ಜನಗಣತಿಯಲ್ಲಿಯೇ ಕಾಣುತ್ತದೆ. 1871ರಲ್ಲಿ 50 ಲಕ್ಷಕ್ಕೂ ಮೇಲಿದ್ದ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅದೇ ಕ್ಷಾಮದಲ್ಲಿ ಪರಿಹಾರ ಕಾಮಗಾರಿಯ ಕೂಲಿಯಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದಷ್ಟು ಕೂಲಿ ಸಾಕೆಂದು ರಿಚರ್ಡ್ ಟೆಂಪಲ್ ಗೊತ್ತುಮಾಡಿದ್ದನ್ನು ಮದರಾಸು ಪ್ರಾಂತದ ಆರೋಗ್ಯಾಧಿಕಾರಿ ಕಾರ್ನಿಷ್ ಪ್ರತಿಭಟಿಸಿದರು. ಈ ವಾದ ನಡೆದದ್ದೆಲ್ಲ ದುಡಿಯುವ ಮೈಗೆ ಎಷ್ಟು ಬೇಕೆಂಬುದರ ಸುತ್ತ. ಎಳೆಯ ಮಗುವಿಗೆ ಬೇಕಾದದ್ದು ದೊಡ್ಡವರ ಪಾಲಿನ ಒಂದು ಭಿನ್ನರಾಶಿಯಷ್ಟೇ ಎಂಬ ಭಾವನೆ ಆ ಲೆಕ್ಕದ ಹಿಂದಿತ್ತು.

ಆಹಾರದ ಪ್ರಮಾಣದಿಂದ ಗುಣದ ಕಡೆಗೆ ದೃಷ್ಟಿ ಹೊರಳಿದ್ದು ನೀಲಗಿರಿಯ ಕೂನೂರಿನಲ್ಲಿ. ಅಲ್ಲಿನ ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರು ಬೆರಿಬೆರಿ ರೋಗದ ವಿಚಾರಣೆಗೆಂದು ತೊಡಗಿದ ಕೆಲಸವು ಮುಂದೆ ಪೋಷಣಾ ಸಂಶೋಧನಾ ಪ್ರಯೋಗಾಲಯವಾಗಿ ಬೆಳೆಯಿತು. ನಡುವೆ 1923ರಲ್ಲಿ, ಇಂಚ್‌ಕೇಪ್ ಸಮಿತಿಯ ಮಿತವ್ಯಯದ ಶಿಫಾರಸಿನಿಂದಾಗಿ, ಕೆಲಸ ನಿಂತೂಹೋಗಿತ್ತು. ಮೆಕ್ಯಾರಿಸನ್ನರು ಭಾರತದ ಬೇರೆ ಬೇರೆ ಜನರ ಊಟವನ್ನು ಇಲಿಗಳಿಗೆ ತಿನ್ನಿಸಿ ಬೆಳವಣಿಗೆಯನ್ನು ಅಳೆದ ಪ್ರಯೋಗ ಪ್ರಸಿದ್ಧವಾದದ್ದು. ಸಿಖ್ಖರ, ಪಠಾಣರ, ಮರಾಠರ, ಗೂರ್ಖರ, ಬಂಗಾಳಿಗಳ, ಕನ್ನಡಿಗರ, ಮದರಾಸಿಗಳ ಊಟಗಳು ಆ ಪಟ್ಟಿಯಲ್ಲಿದ್ದವು. ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿ ತಿಂದ ಸಿಖ್ ಇಲಿಗಳು ಮೊದಲ ಸ್ಥಾನದಲ್ಲಿದ್ದರೆ, ಕನ್ನಡಿಗರ ಊಟ ತಿಂದ ಇಲಿಗಳು ಕೆಳಗಿನ ಸಾಲಿನಲ್ಲಿ ನಿಂತವು. ಕನ್ನಡಿಗರ ಊಟವೆಂದರೆ ಯಾವ ಸೀಮೆಯದು, ರಾಗಿಯದೋ ಜೋಳದ್ದೋ ಅಕ್ಕಿಯದೋ ಎಂದು ನಾವು ಕೇಳಬಹುದು; ಒಂದೇ ಊಟಕ್ಕೆ ಒಂದು ಜನಾಂಗದ ಹೆಸರನ್ನು ಅಂಟಿಸಿದ ಆ ಕಾಲದ ಅಭ್ಯಾಸ ಇಂದು ಒಪ್ಪುವಂಥದಲ್ಲ. ಆದರೂ ಹೊಟ್ಟೆ ತುಂಬಿದ್ದರೂ ಮೈ ಬೆಳೆಯದಿರಬಹುದೆಂಬ ಮಾತು ಇಲ್ಲಿಂದ ಮುಂದೆ ನಿರ್ವಿವಾದವಾಯಿತು.

1935ರಲ್ಲಿ ನಿರ್ದೇಶಕರಾಗಿ ಬಂದ ಆಕ್ರಾಯ್ಡ್ ಇಲಿಗಳಿಂದ ಮಕ್ಕಳ ಕಡೆಗೆ ತಿರುಗಿದರು. ಭಾರತೀಯ ಆಹಾರಪದಾರ್ಥಗಳ ಪೋಷಕಾಂಶಗಳ ಕೋಷ್ಟಕವು 1937ರಲ್ಲಿ ಅವರ ಕಾಲದಲ್ಲಿ ಪ್ರಕಟವಾಯಿತು. ದಕ್ಷಿಣ ಭಾರತದ ವಿದ್ಯಾರ್ಥಿನಿಲಯಗಳ ಮಕ್ಕಳಿಗೆ ಕೆನೆ ತೆಗೆದ ಹಾಲಿನ ಪುಡಿಯನ್ನು ಕೊಟ್ಟು ತೂಕ ಎತ್ತರಗಳು ಹೆಚ್ಚುವುದನ್ನು ಅವರು ತೋರಿಸಿದ್ದೂ ಅದೇ ವರ್ಷ. ಪ್ರಯೋಗ ನಡೆದದ್ದು ಒಂದೆಡೆ ಕಲೆತು ಕೂತು ಉಣ್ಣುವ, ತೂಗಲು ಅಳೆಯಲು ಸಿಗುವ ಮಕ್ಕಳ ಮೇಲೆ. ಸೊಂಟದ ಮೇಲಿರುವ ಮಗು ಅಲ್ಲಿ ಇರಲು ಸಾಧ್ಯವಿರಲಿಲ್ಲ. ಸಂಶೋಧನೆಯ ಅನುಕೂಲಕ್ಕಾಗಿ ಆದ ಈ ಆಯ್ಕೆ ಮುಂದೆ ಯೋಜನೆಗಳ ಅನುಕೂಲವೂ ಆದದ್ದನ್ನು ಗಮನಿಸಬೇಕು.

ಪ್ರೋಟೀನಿನ ಯುಗ

ಎರಡನೆಯ ಮಹಾಯುದ್ಧದ ನಂತರ ಕ್ವಾಷಿಯೋರ್ಕರ್ ಜಗತ್ತಿನ ಗಮನ ಸೆಳೆಯಿತು. ಹಾಲಿನಿಂದ ಅದು ವಾಸಿಯಾಗುತ್ತಿತ್ತು; ಹಾಲಿನಲ್ಲಿ ಪ್ರೋಟೀನಿದೆ; ಆದುದರಿಂದ ರೋಗಕ್ಕೆ ಪ್ರೋಟೀನಿನ ಕೊರತೆಯೇ ಕಾರಣ, ಬಡದೇಶಗಳ ಮಕ್ಕಳ ಸಮಸ್ಯೆಯೆಲ್ಲ ಪ್ರೋಟೀನಿನ ಕೊರತೆಯೇ ಎಂಬ ತೀರ್ಮಾನಕ್ಕೆ ತಜ್ಞರು ಬಂದರು. ಹಾಲಿನಲ್ಲಿ ಶಕ್ತಿಯೂ ಇದೆ, ಲವಣಗಳೂ ಇವೆ ಎಂಬುದು ಈ ತರ್ಕದಲ್ಲಿ ಮರೆಯಾಯಿತು. 1955ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರೋಟೀನ್ ಸಲಹಾ ಮಂಡಲಿಯನ್ನೇ ರಚಿಸಿತು. 1968ರಲ್ಲಿ ವಿಶ್ವಸಂಸ್ಥೆಯ ವರದಿಯೊಂದು ಸನ್ನಿಹಿತವಾಗಿರುವ ಪ್ರೋಟೀನ್ ಬಿಕ್ಕಟ್ಟನ್ನು ತಪ್ಪಿಸಲು ಅಂತರರಾಷ್ಟ್ರೀಯ ಕ್ರಮಕ್ಕೆ ಕರೆಕೊಟ್ಟಿತು.

ಮೈಸೂರಿನ ಪ್ರಯೋಗಾಲಯ ರೂಪುಗೊಂಡದ್ದು ಈ ವಾತಾವರಣದಲ್ಲಿ. ರಾಜಮನೆತನದ ಚೆಲುವಾಂಬ ಮಹಲಿನಲ್ಲಿ 1950ರ ಅಕ್ಟೋಬರ್ 21ರಂದು ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಆರಂಭವಾಯಿತು. ಮೊದಲ ನಿರ್ದೇಶಕರಾದ ವಿ. ಸುಬ್ರಹ್ಮಣ್ಯನ್ ಅವರ ಮುಂದಿದ್ದ ಪ್ರಶ್ನೆ ನೇರವಾದದ್ದು: ಹಾಲು ದುಬಾರಿ ಮತ್ತು ವಿರಳವಾಗಿರುವ ದೇಶದಲ್ಲಿ ಹಾಲಿನ ಕೆಲಸವನ್ನು ಇನ್ನಾವ ಪದಾರ್ಥ ಮಾಡೀತು? ಉತ್ತರ ನೆಲಗಡಲೆಯಲ್ಲಿ ಸಿಕ್ಕಿತು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಪ್ರೋಟೀನು ಹೇರಳ. ದನಗಳಿಗೂ ಗೊಬ್ಬರಕ್ಕೂ ಹೋಗುತ್ತಿದ್ದ ಆ ಪದಾರ್ಥವನ್ನು ಶುಚಿಯಾಗಿ ತಯಾರಿಸಿದರೆ ಮನುಷ್ಯರ ಆಹಾರವಾಗಬಲ್ಲದು. 75 ಪಾಲು ನೆಲಗಡಲೆ ಹಿಟ್ಟು, 25 ಪಾಲು ಹುರಿಗಡಲೆ ಹಿಟ್ಟು, ಜೊತೆಗೆ ಜೀವಸತ್ವಗಳು ಮತ್ತು ಸುಣ್ಣದ ಅಂಶ ಸೇರಿಸಿದ 'ಭಾರತೀಯ ವಿವಿಧೋದ್ದೇಶ ಆಹಾರ' ಹೀಗೆ ಹುಟ್ಟಿತು. ನೆಲಗಡಲೆಯ ಪ್ರೋಟೀನನ್ನು ಹಾಲಿಗೆ ಬೆರೆಸಿದ 'ಮಿಲ್‌ಟೋನ್' ಅದೇ ಚಿಂತನೆಯ ಫಲ. 1960ರ ದಶಕದ ಕೊನೆಯಲ್ಲಿ ಭಾರತ ಆಹಾರ ನಿಗಮದ ಮೂಲಕ ಹಂಚಿಕೆಗೆ ಬಂದ 'ಬಾಲ್ ಆಹಾರ್' ಪುಡಿಯಲ್ಲಿಯೂ ಗೋಧಿಯ ಜೊತೆಗೆ ನೆಲಗಡಲೆ ಹಿಟ್ಟಿತ್ತು. ಎಮ್ಮೆ ಹಾಲಿನಿಂದ ಶಿಶು ಆಹಾರದ ಪುಡಿಯನ್ನು ಮಾಡುವ ವಿಧಾನವನ್ನೂ ಈ ಸಂಸ್ಥೆ ಕಂಡುಹಿಡಿದು ಗುಜರಾತಿನ ಖೇಡಾ ಹಾಲು ಸಹಕಾರ ಸಂಘಕ್ಕೆ ಕೊಟ್ಟಿತು. ತಾಂತ್ರಿಕವಾಗಿ ಇವೆಲ್ಲ ಸಾಮಾನ್ಯ ಸಾಧನೆಗಳಲ್ಲ. ಸ್ಥಳೀಯ ಬೆಳೆಯನ್ನು ನಂಬಿ, ಪರದೇಶದ ಹಾಲುಪುಡಿಯ ಹಂಗಿಲ್ಲದೆ ಮಕ್ಕಳನ್ನು ಪೋಷಿಸಬೇಕೆಂಬ ಅಭಿಮಾನ ಅವುಗಳ ಹಿಂದಿತ್ತು ಎಂಬುದನ್ನು ಮರೆಯಬಾರದು.

ಆದರೆ ನೆಲಗಡಲೆಗೆ ಒಂದು ಶತ್ರುವಿತ್ತು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತಾಗ, ಅವು ತಿಂದ ನೆಲಗಡಲೆ ಹಿಂಡಿಯಲ್ಲಿ ಬೆಳೆದ ಬೂಷ್ಟಿನ ವಿಷ ಪತ್ತೆಯಾಯಿತು. ಆಫ್ಲಟಾಕ್ಸಿನ್ ಎಂದು ಹೆಸರಾದ ಈ ವಿಷ ಮುಖ್ಯವಾಗಿ ಯಕೃತ್ತನ್ನು ಕೆಡಿಸುತ್ತದೆ. ತೇವ ಆರದ ಕಾಯಿಯಲ್ಲಿ, ಮಳೆ ಹಿಡಿದ ಕೊಯ್ಲಿನಲ್ಲಿ ಬೂಷ್ಟು ಬರುವುದು ನಮ್ಮ ರೈತರಿಗೆ ಹೊಸದಲ್ಲ. ಆದರೆ ಬೂಷ್ಟು ಹಿಡಿದ ಬೀಜವನ್ನು ಕಣ್ಣಿನಿಂದ ಆರಿಸಿ ಬಿಸಾಡಬಹುದು, ಹಿಟ್ಟಾದ ಮೇಲೆ ಆರಿಸುವುದು ಸಾಧ್ಯವಿಲ್ಲ. 1971ರಲ್ಲಿ ಮೈಸೂರಿನ ಮಕ್ಕಳ ವೈದ್ಯರೂ ಆಹಾರ ಸಂಸ್ಥೆಯ ವಿಜ್ಞಾನಿಗಳೂ ಕೂಡಿ ಅಮೆರಿಕದ ಪೋಷಣಾ ಪತ್ರಿಕೆಯೊಂದರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಪೋಷಣೆಯ ಕೊರತೆಯಿದ್ದ ಮಕ್ಕಳಿಗೆ ಪೂರಕವಾಗಿ ಕೊಟ್ಟ ನೆಲಗಡಲೆ ಹಿಟ್ಟಿನಲ್ಲಿ ಆಫ್ಲಟಾಕ್ಸಿನ್ ಬೆರೆತಿದ್ದು, ಆ ಮಕ್ಕಳಲ್ಲಿ ಯಕೃತ್ತಿನ ಸಿರೋಸಿಸ್ ಕಾಣಿಸಿಕೊಂಡದ್ದನ್ನು ಅದು ವರದಿ ಮಾಡಿತು. ಪ್ರೋಟೀನ್ ಕೊರತೆಗೆಂದು ಕೊಟ್ಟ ಮದ್ದೇ ವಿಷವಾದ ಪ್ರಸಂಗವಿದು. ಭಾರತದ ಮಕ್ಕಳ ಸಿರೋಸಿಸ್‌ಗೆ ಆಫ್ಲಟಾಕ್ಸಿನ್ ಒಂದೇ ಕಾರಣವೆಂಬ ಮಾತು ನಿಲ್ಲಲಿಲ್ಲ. 1980ರ ದಶಕದಲ್ಲಿ ಪುಣೆಯ ಸಂಶೋಧಕರು ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿದ ಹಾಲಿನಿಂದ ಮೈ ಸೇರುವ ತಾಮ್ರದ ಕಡೆಗೆ ಬೊಟ್ಟು ಮಾಡಿದರು. ಅದೇನೇ ಇರಲಿ, ತಮ್ಮದೇ ಊರಿನಲ್ಲಿ, ತಮ್ಮದೇ ಸಂಸ್ಥೆಯ ನೆಚ್ಚಿನ ಪದಾರ್ಥದಲ್ಲಿದ್ದ ದೋಷವನ್ನು ಮುಚ್ಚಿಡದೆ ಅಚ್ಚು ಹಾಕಿಸಿದ ಆ ವಿಜ್ಞಾನಿಗಳ ಪ್ರಾಮಾಣಿಕತೆ ಗಣನೀಯವಾದುದು. ಆ ಬಳಿಕ ನೆಲಗಡಲೆ ಹಿಟ್ಟಿನ ಬಗ್ಗೆ ಹಿಂದಿನ ಉತ್ಸಾಹ ಉಳಿಯಲಿಲ್ಲ.

ಲೆಕ್ಕ ತಿರುಗಿದ್ದು

ಕೂನೂರಿನ ಪ್ರಯೋಗಾಲಯವು 1958ರಲ್ಲಿ ಹೈದರಾಬಾದಿಗೆ ಹೋಯಿತು. ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯೆಂಬ ಹೆಸರು ಪಡೆಯಿತು. ಅಲ್ಲಿ ಸಿ. ಗೋಪಾಲನ್ ಅವರು ಪ್ರೋಟೀನ್ ವಾದದ ಬುಡವನ್ನೇ ಅಲುಗಿಸುವ ಪ್ರಶ್ನೆ ಎತ್ತಿದರು. ಮೈ ಊದುವ ಕ್ವಾಷಿಯೋರ್ಕರ್ ಪ್ರೋಟೀನ್ ಕೊರತೆಯಿಂದ, ಮೂಳೆಚಕ್ಕಳವಾಗುವ ಮರಾಸ್ಮಸ್ ಒಟ್ಟು ಆಹಾರದ ಕೊರತೆಯಿಂದ ಎಂದು ಪುಸ್ತಕಗಳು ಹೇಳುತ್ತಿದ್ದವು. ಒಂದೇ ಸಮುದಾಯದ ಮಕ್ಕಳ ಊಟವನ್ನು ಪರಿಶೀಲಿಸಿದ ಗೋಪಾಲನ್, ಎರಡೂ ಗುಂಪಿನ ಊಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂದು 1968ರಲ್ಲಿ ಬರೆದರು. ಕೊರತೆ ಒಂದೇ, ಅದಕ್ಕೆ ಮೈ ಹೊಂದಿಕೊಂಡ ಬಗೆ ಬೇರೆ. ಬಡಮಕ್ಕಳು ತಮ್ಮ ಮನೆಯ ಧಾನ್ಯ ಬೇಳೆಗಳನ್ನೇ ಹೊಟ್ಟೆ ತುಂಬ ಉಂಡರೆ ಪ್ರೋಟೀನು ಬಹುಮಟ್ಟಿಗೆ ಸಾಕಾಗುತ್ತದೆ, ಹೊಟ್ಟೆ ತುಂಬದಿರುವುದೇ ತೊಂದರೆ ಎಂಬುದು ಅವರ ವಾದದ ಸಾರ. ಇದನ್ನು ಪರೀಕ್ಷಿಸಲು ಹೈದರಾಬಾದಿನ ಸಮೀಪದ ಹಳ್ಳಿಗಳ ಮಕ್ಕಳಿಗೆ ಗೋಧಿ, ಸಕ್ಕರೆ, ಎಣ್ಣೆ ಸೇರಿದ ತಿಂಡಿಯನ್ನು ಹದಿನಾಲ್ಕು ತಿಂಗಳು ಕೊಟ್ಟರು. ದಿನಕ್ಕೆ 310 ಕ್ಯಾಲೊರಿ. ಪ್ರೋಟೀನು ಕೇವಲ 3 ಗ್ರಾಂ. ಮಕ್ಕಳ ತೂಕವೂ ಎತ್ತರವೂ ಹೆಚ್ಚಿದವು. ಇದರ ವರದಿ ಬಂದದ್ದು 1973ರಲ್ಲಿ. ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆಯವರು ತಮ್ಮ ದಾರಿಯಲ್ಲಿ, ಆಹಾರ ಸಮೀಕ್ಷೆಗಳ ಲೆಕ್ಕದಿಂದ, ಇದೇ ನಿರ್ಣಯಕ್ಕೆ ಬಂದಿದ್ದರು. 1972ರಲ್ಲಿ ಸ್ಥಾಪಿತವಾಗಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಮನೆಮನೆಯ ಊಟವನ್ನು ತೂಗಿದ ರಾಷ್ಟ್ರೀಯ ಪೋಷಣಾ ನಿಗಾ ಮಂಡಲಿಯ ಅಂಕಿಗಳೂ ಇದನ್ನೇ ಹೇಳಿದವು. 1974ರಲ್ಲಿ ಮೆಕ್‌ಲಾರೆನ್ ಎಂಬ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರೋಟೀನ್ ಯುಗವನ್ನು ದೊಡ್ಡದೊಂದು ಎಡವಟ್ಟೆಂದೇ ಕರೆದರು.

ಗೋಪಾಲನ್ ಮತ್ತು ಸುಖಾತ್ಮೆ ಒಂದೇ ಪಕ್ಷದಲ್ಲಿ ಉಳಿಯಲಿಲ್ಲ. ಕಡಿಮೆ ಆಹಾರಕ್ಕೆ ಮೈ ಹೊಂದಿಕೊಳ್ಳುತ್ತದೆಂಬ ಸುಖಾತ್ಮೆಯವರ ವಾದವು 1980ರ ದಶಕದಲ್ಲಿ ಡೇವಿಡ್ ಸೆಕ್ಲರ್ ಅವರ ಕೈಯಲ್ಲಿ, ಕುಳ್ಳಾಗಿದ್ದರೂ ಆರೋಗ್ಯವಾಗಿದ್ದಾರೆ ಎಂಬ ಸಿದ್ಧಾಂತವಾಗಿ ಮುಂದುವರಿಯಿತು. ಗೋಪಾಲನ್ ಇದನ್ನು ಕಟುವಾಗಿ ವಿರೋಧಿಸಿದರು. ಬೆಳವಣಿಗೆ ಕುಂಠಿತವಾದ ಮಗುವನ್ನು ಆರೋಗ್ಯವಂತನೆಂದು ಕರೆದರೆ ಬಡತನವನ್ನೇ ಒಪ್ಪಿಕೊಂಡಂತೆ ಎಂಬುದು ಅವರ ನಿಲುವು. ಈ ವಿಷಯದಲ್ಲಿ ಗೋಪಾಲನ್ನರ ಪಕ್ಷವೇ ಸರಿಯಾದದ್ದೆಂದು ನಂತರದ ಅಧ್ಯಯನಗಳಿಂದ ಹೇಳಬಹುದಾಗಿದೆ.

ಆಹಾರದ ಲೆಕ್ಕದಲ್ಲಿ ಮುಳುಗಿದ ಈ ಚರ್ಚೆಯಲ್ಲಿ ಕಾಶ್ಯಪನ ಮೂರನೆಯ ಬಗೆ, ವ್ಯಾಧಿಜ, ಹಿಂದೆ ಸರಿದಿತ್ತು. ಸ್ಕ್ರಿಮ್‌ಷಾ, ಟೇಲರ್ ಮತ್ತು ಗಾರ್ಡನ್ ಅವರು 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ಗ್ರಂಥವು ಸೋಂಕು ಮತ್ತು ಪೋಷಣೆಗಳ ಸಂಬಂಧವನ್ನು ವಿವರವಾಗಿ ಸ್ಥಾಪಿಸಿತು. ಸೊರಗಿದ ಮಗುವಿಗೆ ಭೇದಿ ಬೇಗ ತಗಲುತ್ತದೆ. ಭೇದಿಯಾದ ಮಗು ಉಣ್ಣುವುದಿಲ್ಲ, ಉಂಡದ್ದು ಮೈಗೆ ಹತ್ತುವುದಿಲ್ಲ. ದಡಾರ ಬಂದರೆ ಇದ್ದ ಅಲ್ಪ ಎ ಜೀವಸತ್ವವೂ ಖರ್ಚಾಗಿ ಕಣ್ಣಿಗೆ ಅಪಾಯ ಬರುತ್ತದೆ. ಹಾಗಿರುವಲ್ಲಿ ಕುಡಿಯುವ ನೀರು, ಶೌಚ, ಲಸಿಕೆಗಳು ಅನ್ನದಷ್ಟೇ ಪೋಷಣೆಯ ವಿಷಯಗಳು. ಭೇದಿಯಾದಾಗ ಊಟ ಬಿಡಿಸುವ ನಮ್ಮ ಮನೆಗಳ ರೂಢಿ ಎಷ್ಟು ಮಕ್ಕಳನ್ನು ಕೆಡವಿದೆಯೋ ಲೆಕ್ಕವಿಟ್ಟವರಿಲ್ಲ.

ತಿರುಮಕೂಡಲು ನರಸೀಪುರ

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾಯೋಗಿಕವಾಗಿ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕು. ಅಲ್ಲಿ 100 ಅಂಗನವಾಡಿಗಳು ತೆರೆದವು. ಹಿಂದಿನ ಎಲ್ಲ ಯೋಜನೆಗಳಿಗಿಂತ ಇದು ವಿಶಾಲವಾದ ಕಲ್ಪನೆ. ಪೂರಕ ಆಹಾರದ ಜೊತೆಗೆ ಲಸಿಕೆ, ಆರೋಗ್ಯ ತಪಾಸಣೆ, ತಾಯಂದಿರ ಶಿಕ್ಷಣ, ಶಾಲಾಪೂರ್ವ ಶಿಕ್ಷಣ ಎಲ್ಲವೂ ಒಂದೇ ಸೂರಿನಡಿ ಬರಬೇಕಾಗಿತ್ತು. ಮಗುವಿಗೆ ನಿಗದಿಯಾದ ಪೂರಕ ಆಹಾರ ದಿನಕ್ಕೆ 300 ಕ್ಯಾಲೊರಿ, 8ರಿಂದ 10 ಗ್ರಾಂ ಪ್ರೋಟೀನು. 2009ರಲ್ಲಿ ಇದು 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನಿಗೆ ಏರಿತು. ಹೈದರಾಬಾದಿನ ಪ್ರಯೋಗದ ನೆರಳು ಮೊದಲ ಅಂಕಿಯಲ್ಲಿ ಸ್ಪಷ್ಟವಾಗಿದೆ. ಕಾರಣದ ಬಗೆಗಿನ ತಿಳಿವಳಿಕೆ ಬದಲಾದುದು ಬಟ್ಟಲಿನವರೆಗೆ ಬಂದಿತ್ತು.

ಆದರೆ ಅಂಗನವಾಡಿಗೆ ದಿನವೂ ಬಂದವರು ಮೂರರಿಂದ ಆರು ವರ್ಷದ ಮಕ್ಕಳು. ಅವರು ಅಕ್ಕನ ಕೈ ಹಿಡಿದು ಬಂದು, ಹಾಡು ಕಲಿತು, ಕೂತು ಉಂಡು ಹೋಗಬಲ್ಲರು. ಕೈಗೂಸು ಬರಬೇಕಾದರೆ ತಾಯಿ ಎತ್ತಿಕೊಂಡು ಬರಬೇಕು. ಕೂಲಿಗೆ ಹೋಗುವ ತಾಯಿಗೆ ಅಂಗನವಾಡಿ ತೆರೆಯುವ ಹೊತ್ತೇ ದುಡಿಮೆಯ ಹೊತ್ತು. ಮನೆಗೆ ಕೊಟ್ಟ ಪುಡಿಯ ಪೊಟ್ಟಣ ಮನೆಯ ಎಲ್ಲರ ಪಾಲಾಗುತ್ತದೆ. ಹಾಗಾಗುವುದನ್ನು ತಪ್ಪೆನ್ನುವ ಧೈರ್ಯ ಹಸಿದ ಮನೆಯನ್ನು ಕಂಡವರಿಗಿರಲಾರದು. ಮಗುವಿನ ಬೆಳವಣಿಗೆ ಹಿಂದೆ ಬೀಳುವುದು ಬಹುಮಟ್ಟಿಗೆ ಎರಡು ವರ್ಷದೊಳಗೆ. ಆ ನಷ್ಟವನ್ನು ನಾಲ್ಕನೆಯ ವರ್ಷದ ಊಟ ಪೂರ್ತಿಯಾಗಿ ತುಂಬಿಕೊಡಲಾರದು. ವಿಶ್ವಬ್ಯಾಂಕಿನ ಅಧ್ಯಯನವೊಂದು 2005ರಲ್ಲಿ ಇದೇ ಹೊಂದಾಣಿಕೆಯ ದೋಷವನ್ನು ಎತ್ತಿ ತೋರಿಸಿತು. ಸರ್ವೋಚ್ಚ ನ್ಯಾಯಾಲಯವು ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ 2001ರಿಂದ ಮೊದಲಾಗಿ ಕೊಟ್ಟ ಆದೇಶಗಳಿಂದ ಅಂಗನವಾಡಿಗಳ ಸಂಖ್ಯೆ ದೇಶದಾದ್ಯಂತ ಹೆಚ್ಚಿತು. ಈ ದೋಷ ಸಂಖ್ಯೆಯಿಂದ ಮಾತ್ರ ಸರಿಹೋಗುವಂಥದಾಗಿರಲಿಲ್ಲ.

ರಾಗಿಯ ಸರಿ

ಹೊಟ್ಟೆ ತುಂಬದಿರುವುದೇ ಕಾರಣವೆಂದಾದರೆ ಮುಂದಿನ ಪ್ರಶ್ನೆಯೊಂದಿದೆ: ಮನೆಯಲ್ಲಿ ಅನ್ನವಿರುವಾಗಲೂ ಎಂಟು ತಿಂಗಳ ಮಗುವಿನ ಹೊಟ್ಟೆ ಏಕೆ ತುಂಬುವುದಿಲ್ಲ? ಇದಕ್ಕೆ ಉತ್ತರ ಕೊಟ್ಟವರು ಮತ್ತೆ ಮೈಸೂರಿನ ಆಹಾರ ಸಂಸ್ಥೆಯವರೇ. ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಅವರು ಮೊಳಕೆ ಕಟ್ಟಿದ ರಾಗಿ ಮತ್ತು ಹೆಸರುಕಾಳಿನಿಂದ ಮಾಡಿದ ಶಿಶು ಆಹಾರದ ಬಗ್ಗೆ 1982ರಲ್ಲಿ ಪ್ರಕಟಿಸಿದ ಸಂಶೋಧನೆಯು, ನನ್ನ ದೃಷ್ಟಿಯಲ್ಲಿ, ಆ ಸಂಸ್ಥೆಯ ಅತ್ಯಂತ ಉಪಯುಕ್ತ ಕೆಲಸಗಳಲ್ಲೊಂದು.

ಧಾನ್ಯದ ಹಿಟ್ಟನ್ನು ನೀರಿನಲ್ಲಿ ಬೇಯಿಸಿದರೆ ಅದರ ಪಿಷ್ಟ ನೀರು ಕುಡಿದು ಉಬ್ಬಿ ಗಟ್ಟಿಯಾಗುತ್ತದೆ. ಹಲ್ಲಿಲ್ಲದ ಮಗು ಗಟ್ಟಿಯಾದುದನ್ನು ನುಂಗಲಾರದು; ತಾಯಿ ನೀರು ಬೆರೆಸಿ ತೆಳ್ಳಗೆ ಮಾಡುತ್ತಾಳೆ. ಆಗ ಬಟ್ಟಲಿನಲ್ಲಿರುವುದು ಬಹುಪಾಲು ನೀರು. ಮಗುವಿನ ಪುಟ್ಟ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಧಾನ್ಯವನ್ನು ಮೊಳಕೆ ಕಟ್ಟಿದಾಗ ಅದರಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ, ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳ್ಳಗೇ ಇರುತ್ತದೆ. ಈ ಕಿಣ್ವ ರಾಗಿಯಲ್ಲಿ ಚೆನ್ನಾಗಿ ಹುಟ್ಟುತ್ತದೆ. ರಾಗಿಯ ಮೊಳಕೆಗೆ ಬೂಷ್ಟು ಹಿಡಿಯುವುದೂ ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ; ಅಕ್ಕಿಯಲ್ಲಿ ಹತ್ತರ ಆಸುಪಾಸು.

ಹಳೆಯ ಮೈಸೂರಿನ ಅಜ್ಜಿಯರು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದು ಮಾಡುತ್ತಿದ್ದ ಹಿಟ್ಟಿನಲ್ಲಿ ಈ ವಿಜ್ಞಾನವೆಲ್ಲ ಅಡಗಿತ್ತು. ಹಾಗೆಂದು ಹಿಂದಿನವರಿಗೆ ಎಲ್ಲವೂ ತಿಳಿದಿತ್ತೆಂದು ಬೀಗುವಂತಿಲ್ಲ. ಬಟ್ಟೆಯಲ್ಲಿ ಜರಡಿ ಹಿಡಿದಾಗ ಸಿಪ್ಪೆಯೊಂದಿಗೆ ಲವಣಗಳ ಒಂದು ಪಾಲೂ ಹೋಗುತ್ತದೆ. ಸರಿ ತಿನ್ನಿಸಲು ತೊಡಗುವುದು ತಡವಾದ ಮನೆಗಳಿದ್ದವು. ಹುಟ್ಟಿದ ಕೂಸಿಗೆ ಮೊದಲ ಹಳದಿ ಹಾಲನ್ನು ಕೊಡದೆ ಸಕ್ಕರೆ ನೀರು ನೆಕ್ಕಿಸಿದ ಮನೆಗಳು ಇನ್ನೂ ಹೆಚ್ಚು. ಇನ್ನೊಂದು ಕಡೆ ಈ ಹಿಟ್ಟು ಮಾಡಲು ಮೂರು ನಾಲ್ಕು ದಿನ ಬೇಕು. ಆ ಬಿಡುವು ಕೂಲಿಯ ಹೆಂಗಸಿಗಿಲ್ಲ. ಅಂಗಡಿಯ ಡಬ್ಬಿ ಬಂದದ್ದು ಈ ತೆರವಿನಲ್ಲಿ. ಡಬ್ಬಿ ಹಾಲಿನ ಜಾಹೀರಾತನ್ನು ತಡೆಯುವ ಕಾನೂನು 1992ರಲ್ಲಿ ಬಂದು 2003ರಲ್ಲಿ ಬಿಗಿಯಾಯಿತು.

ಹನಿ, ಮಾತ್ರೆ, ಹಾಲು

ಎ ಜೀವಸತ್ವದ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. ಇರುಳುಗಣ್ಣು ಮತ್ತು ಅದರಿಂದಾಗುವ ಕುರುಡನ್ನು ತಡೆಯಲು ಒಂದರಿಂದ ಐದು ವರ್ಷದ ಮಕ್ಕಳಿಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ಟಿನ ದ್ರಾವಣ ಕೊಡುವ ಯೋಜನೆ 1970ರಲ್ಲಿ ಆರಂಭವಾಯಿತು. ಅದಕ್ಕೆ ಆಧಾರವಾದ ಸಂಶೋಧನೆ ಹೈದರಾಬಾದಿನದು. ಅದನ್ನು ತಾತ್ಕಾಲಿಕ ಕ್ರಮವೆಂದು ತಿಳಿದಿದ್ದ ಗೋಪಾಲನ್ ಅವರೇ, ಸೊಪ್ಪು ಹಣ್ಣುಗಳನ್ನು ಮರೆಸಿ ಹನಿಯೇ ಶಾಶ್ವತವಾಗುತ್ತಿರುವುದನ್ನು ಮುಂದೆ ಟೀಕಿಸಿದರು. ರಕ್ತಹೀನತೆಯ ತಡೆಗೆ ಕಬ್ಬಿಣದ ಮಾತ್ರೆಯ ಯೋಜನೆಯೂ ಅದೇ 1970ರದು. ಅದರ ಫಲವೇನೆಂಬುದನ್ನು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳು ಹೇಳುತ್ತವೆ. ಕರ್ನಾಟಕದಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಐದು ವರ್ಷದೊಳಗಿನ ಮಕ್ಕಳು 2005–06ರಲ್ಲಿ ನೂರಕ್ಕೆ 43.7ರಷ್ಟಿದ್ದವರು 2019–21ರ ಸಮೀಕ್ಷೆಯಲ್ಲಿ 35.4ಕ್ಕೆ ಇಳಿದರು. ಆದರೆ ರಕ್ತಹೀನತೆಯುಳ್ಳ ಮಕ್ಕಳ ಪ್ರಮಾಣ 2015–16ರಲ್ಲಿ 60.9 ಇದ್ದದ್ದು 65.5ಕ್ಕೆ ಏರಿತು. ಆರರಿಂದ ಇಪ್ಪತ್ತಮೂರು ತಿಂಗಳ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಊಟ ಪಡೆಯುವವರು ಇಡೀ ದೇಶದಲ್ಲಿ ನೂರಕ್ಕೆ 11.3 ಮಾತ್ರ.

ರಾಯಚೂರು ಸೀಮೆಯ ಮಕ್ಕಳ ಸಾವುಗಳು ಸುದ್ದಿಯಾದ ಮೇಲೆ ರಾಜ್ಯದ ಉಚ್ಚ ನ್ಯಾಯಾಲಯ ಈ ವಿಷಯವನ್ನು ಕೈಗೆತ್ತಿಕೊಂಡಿತು. 2012ರಲ್ಲಿ ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಅಧ್ಯಕ್ಷತೆಯ ಸಮಿತಿ ಕೆಲಸ ಮಾಡಿತು. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದಲ್ಲಿ ಶಾಲೆ ಮತ್ತು ಅಂಗನವಾಡಿಯ ಮಕ್ಕಳಿಗೆ 150 ಮಿಲಿಲೀಟರ್ ಹಾಲು ದೊರೆಯತೊಡಗಿತು. ಆಕ್ರಾಯ್ಡರ ವಿದ್ಯಾರ್ಥಿನಿಲಯದ ಹಾಲು ಎಪ್ಪತ್ತಾರು ವರ್ಷಗಳ ನಂತರ ರಾಜ್ಯದ ಯೋಜನೆಯಾಗಿ ಬಂದಂತಾಯಿತು. ಉಣ್ಣುವವರು ಈ ಸಲವೂ ಒಂದೆಡೆ ಕಲೆಯಬಲ್ಲ ಮಕ್ಕಳೇ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯು ಇದಕ್ಕಿಂತ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಗರ್ಭಿಣಿ ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡಲು ಮುಂದಾಯಿತು. ಕೂಸು ಇನ್ನೂ ಎದೆಹಾಲಿನಲ್ಲಿರುವಾಗಲೇ ಅದರ ಪೋಷಣೆ ಆರಂಭವಾಗಬೇಕೆಂಬ ತಿಳಿವಳಿಕೆ ಇದರಲ್ಲಿದೆ. ಆದರೆ ಬಾಣಂತಿ ಹೊಸಿಲು ದಾಟಬಾರದೆಂಬ ಮನೆಗಳಲ್ಲಿ ಅಂಗನವಾಡಿಯ ತಟ್ಟೆ ಅವಳಿಗೆ ಎಟುಕುವುದು ಸುಲಭವಲ್ಲ.

ಆ ಹೊಸಿಲಿನ ಒಳಗೆ ಏನು ನಡೆಯುತ್ತದೆಂಬುದಕ್ಕೆ ಇತ್ತೀಚಿನ ಒಂದು ಅಧ್ಯಯನವನ್ನು ಉಲ್ಲೇಖಿಸಬೇಕು. ತೀವ್ರ ಉಬ್ಬಸ ಮತ್ತು ಹೃದಯದ ಮೇಲಿನ ಒತ್ತಡದಿಂದ ಸಾವಿನಂಚಿಗೆ ಬಂದ, ಎದೆಹಾಲನ್ನು ಮಾತ್ರ ಕುಡಿಯುತ್ತಿದ್ದ ಕೂಸುಗಳಲ್ಲಿ ಥಯಾಮಿನ್ ಅಂದರೆ ಬಿ1 ಜೀವಸತ್ವದ ಕೊರತೆಯನ್ನು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಗುರುತಿಸಿ 2021ರಲ್ಲಿ ಪ್ರಕಟಿಸಿದರು. ಅಗ್ಗದ ಥಯಾಮಿನ್ ಚುಚ್ಚುಮದ್ದಿನಿಂದ ಅಂಥ ಕೂಸುಗಳು ಚೇತರಿಸಿಕೊಂಡವು. ತಾಯಂದಿರ ಊಟವನ್ನು ವಿಚಾರಿಸಿದಾಗ ಸಿಕ್ಕಿದ್ದು ಬಾಣಂತನದ ಪಥ್ಯ: ಬೇಳೆ, ಕಾಳು, ಸೊಪ್ಪುಗಳನ್ನು ಬಿಡಿಸಿ, ಪಾಲಿಷ್ ಮಾಡಿದ ಅಕ್ಕಿಯ ಅನ್ನವನ್ನೇ ಮುಖ್ಯವಾಗಿ ಉಣಿಸುವ ಕ್ರಮ. ನೂರು ವರ್ಷಗಳ ಹಿಂದೆ ಮೆಕ್ಯಾರಿಸನ್ನರು ಕೂನೂರಿನ ಒಂದು ಕೋಣೆಯಲ್ಲಿ ಹುಡುಕಲು ಕುಳಿತದ್ದು ಇದೇ ಬೆರಿಬೆರಿಯ ಕಾರಣವನ್ನು.